ಕಚ್ಚದೇ ಇರೋ ಈ "ಸೊಳ್ಳೆ"ಗೆ ಕನ್ನಡದಲ್ಲಿ ಏನಂತ ಬರೀಬೇಕು?

ಪದಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಹುಳುಗಳ ಕನ್ನಡ ಹೆಸರಿನ ಒಂದು ಪಟ್ಟಿ ಮಾಡ್ತಾ ಇದೀನಿ, ಎರಡು ರೆಕ್ಕೆ ಹುಳುಗಳ ಭಾಗಕ್ಕೆ ಬಂದು ಒಂದು ಕಡೆ ಸಿಕ್ಕಾಕ್ಕೊಂಡಿದೀನಿ. ಸಂಜೆ ಲೈಟ್ ಹಾಕಿದ ತಕ್ಷಣ ಗೋಡೆ ಮೇಲೆ ಬಂದು ಕೂರತ್ತಲ್ಲ, ನೋಡಕ್ಕೆ ಥೇಟ್ ಸೊಳ್ಳೆ, ಆದ್ರೆ ಕಚ್ಚಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಕಿಟಕಿ ಕೆಳಗೆ ಸತ್ತು ರಾಶಿ ಬಿದ್ದಿರತ್ತೆ, ಅದು. ಕುಟುಂಬದ ಹೆಸರು ಕೈರೊನೊಮಿಡೇ ಅನ್ನೋವರೆಗೂ ಗೊತ್ತಾಯ್ತು. ಅಲ್ಲಿಂದ ಮುಂದೆ ಪೂರ್ತಿ ಗೋಜಲು. ಇಂಗ್ಲಿಷಲ್ಲಿ ಒಂದು ಕಡೆ ನಾನ್ ಬೈಟಿಂಗ್ ಮಿಡ್ಜ್, ಇನ್ನೊಂದು ಕಡೆ ಲೇಕ್ ಫ್ಲೈ, ಮತ್ತೊಂದು ಕಡೆ ಬ್ಲೈಂಡ್ ಮಸ್ಕಿಟೋ, ಸ್ಯಾಂಡ್ ಫ್ಲೈ ಅಂತಾನೂ ಇದೆ. ಕನ್ನಡದಲ್ಲಿ ನಾವು ಎಲ್ಲಕ್ಕೂ ಸೊಳ್ಳೆ ಅಂತೀವಿ, ಇಲ್ಲಾಂದ್ರೆ ನುಸಿ. ಪಟ್ಟಿಗೆ ಯಾವುದು ಹಾಕ್ಲಿ? ಹಂಗೇ ಇದು ಸೊಳ್ಳೆಗೆ ಎಷ್ಟು ಹತ್ತಿರದ ನೆಂಟ ಅಂತ ಯಾರಾದ್ರೂ ಬಿಡಿಸಿ ಹೇಳಿದ್ರೆ ಉಪಕಾರ ಆಗತ್ತೆ.

ರೆಕ್ಕೆನರ
ಒಳ್ಳೆ ಕೆಲಸ ಹಿಡ್ಕೊಂಡಿದೀರ ಸರ್. ಹೆಸರಿಗೆ ಮುಂಚೆ ನೀವು ನೋಡಿರೋದು ಅದೇನಾ ಅಂತ ಖಾತ್ರಿ ಮಾಡ್ಕೊಳ್ಳೋಣ, ಯಾಕಂದ್ರೆ ಗಂಡು ಸೊಳ್ಳೆನೂ ಕಚ್ಚಲ್ಲ, ಅದಕ್ಕೂ ತಲೆ ಮೇಲೆ ಗರಿ ಥರ ಕುಡಿಮೀಸೆ (ಆಂಟೆನಾ) ಇರತ್ತೆ, ಇಲ್ಲೇ ಬಹಳ ಜನ ಮೋಸ ಹೋಗ್ತಾರೆ. ಮೂರು ವಿಷಯ ನೋಡಿ. ಬಾಯಿಂದ ಮುಂದಕ್ಕೆ ಸೂಜಿ ಥರ ಉದ್ದ ಸೊಂಡಿಲು ಇದ್ರೆ ಸೊಳ್ಳೆ, ಗಂಡಾಗ್ಲಿ ಹೆಣ್ಣಾಗ್ಲಿ. ಕೈರೊನೊಮಿಡ್‌ಗೆ ಆ ಸೊಂಡಿಲು ಇಲ್ಲ, ಬಾಯಿಯ ಭಾಗಗಳೇ ಕುಗ್ಗಿ ಹೋಗಿವೆ. ಎರಡನೇದು ರೆಕ್ಕೆ, ಒಂದು ಸಣ್ಣ ಲೆನ್ಸ್ ಇಟ್ಟು ನೋಡಿದ್ರೆ ಸೊಳ್ಳೆ ರೆಕ್ಕೆಯ ನರಗಳ ಮೇಲೆ, ಹಿಂದಿನ ಅಂಚಲ್ಲಿ ಹುರುಪೆ ಕಾಣತ್ತೆ, ಇದರಲ್ಲಿ ಆ ಹುರುಪೆ ಇರಲ್ಲ. ಮೂರನೇದು ಕೂರೋ ಭಂಗಿ, ಸೊಳ್ಳೆ ಸಾಮಾನ್ಯವಾಗಿ ಹಿಂದಿನ ಕಾಲು ಎತ್ಕೊಂಡು ಕೂರತ್ತೆ, ಇದು ಮುಂದಿನ ಕಾಲು ಎತ್ಕೊಂಡು ಕೂರತ್ತೆ. ಬೆನ್ನಿನ ಹಿಂಭಾಗ, ಅಂದ್ರೆ ಎದೆಭಾಗ ಮುಗಿದು ಹೊಟ್ಟೆ ಶುರುವಾಗೋ ಜಾಗದಲ್ಲಿ, ನಡುವೆ ಉದ್ದಕ್ಕೆ ಒಂದು ಗೀರು ಥರ ತಗ್ಗು ಬೇರೆ ಇರತ್ತೆ, ಅದು ಈ ಕುಟುಂಬದ ಒಳ್ಳೆ ಗುರುತು.

ಪದಪೆಟ್ಟಿಗೆ
ಈಗಷ್ಟೇ ಹೋಗಿ ನೋಡ್ದೆ! ಮುಂದಿನ ಎರಡು ಕಾಲು ಗಾಳೀಲಿ ಎತ್ತಿ ಹಿಡ್ಕೊಂಡಿದೆ, ಅದೂ ಸುಮ್ನೆ ಇಲ್ಲ, ಸಣ್ಣಗೆ ಅಲ್ಲಾಡಿಸ್ತಾ ಇದೆ. ಸೊಂಡಿಲಿಲ್ಲ. ಇಷ್ಟು ವರ್ಷ ಚಪ್ಪಾಳೆ ತಟ್ಟಿ ಸಾಯಿಸಿದ್ದೆಷ್ಟೋ ಏನೋ, ಒಂದ್ಸಲನೂ ಇದನ್ನ ಗಮನಿಸಿರ್ಲಿಲ್ಲ.

ಕೆಸರುಬಲೆ
ಆ ಕಾಲು ಅಲ್ಲಾಡ್ಸೋದ್ರಲ್ಲೇ ಹೆಸರಿನ ಗುಟ್ಟಿದೆ ನೋಡಿ. ಗ್ರೀಕಲ್ಲಿ ಕೈರೊನೊಮೋಸ್ ಅಂದ್ರೆ ಕೈ ಸನ್ನೆಯಿಂದಾನೇ ಅಭಿನಯ ಮಾಡೋನು, ಮಾತಿಲ್ಲದೆ ಕೈಯಲ್ಲೇ ಕಥೆ ಹೇಳೋನು. 1803ರಲ್ಲಿ ಮೈಗೆನ್ ಅನ್ನೋ ಜರ್ಮನ್ ವಿಜ್ಞಾನಿ ಕೈರೊನೊಮಸ್ ಅಂತ ಜೀನಸ್‌ಗೆ, ಅಂದ್ರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಹೆಸರಿಟ್ಟ. ಎಷ್ಟು ಚಂದದ ಹೆಸರು ಅಂದ್ರೆ, ಇಂಗ್ಲಿಷಿನ ಆ ನಾನ್ ಬೈಟಿಂಗ್ ಅನ್ನೋ ಒಣ ಹೆಸರಿನ ಪಕ್ಕ ಇಟ್ಟು ನೋಡಿದ್ರೆ ಬೇಜಾರಾಗತ್ತೆ. ಒಂದು ಜೀವಿ ಏನು ಮಾಡಲ್ಲ ಅನ್ನೋದರ ಮೇಲೆ ಯಾಕೆ ಹೆಸರಿಡಬೇಕು, ಏನು ಮಾಡತ್ತೆ ಅನ್ನೋದರ ಮೇಲೆ ಇಡ್ಬೋದಲ್ವಾ. ಬೇರೆ ಭಾಷೆಯವರು ಹಂಗೇ ಮಾಡಿದಾರೆ. ಜರ್ಮನಲ್ಲಿ ತ್ಸುಕ್‌ಮ್ಯೂಕೆ, ಅಂದ್ರೆ ಅದುರೋ ನುಸಿ. ಚೀನಿ ಭಾಷೇಲಿ ಯಾಓ ವೆನ್, ಅಲ್ಲಾಡೋ ಸೊಳ್ಳೆ. ಜಪಾನಿಯಲ್ಲಿ ಯುಸುರಿಕಾ, ಅದಕ್ಕೂ ಅಲುಗಾಟದ ಅರ್ಥಾನೇ. ಡಚ್ಚರು, ಡೇನಿಷ್‌ನವರು ಕುಣಿಯೋ ನುಸಿ ಅಂತಾರೆ, ಗಂಡುಗಳು ಸಂಜೆ ಹೊತ್ತು ಗುಂಪುಕಟ್ಟಿ ಮೇಲೆ ಕೆಳಗೆ ಕುಣೀತಾವಲ್ಲ ಅದಕ್ಕೆ. ಸ್ವೀಡಿಷ್, ನಾರ್ವೇಜಿಯನ್ ಭಾಷೇಲಿ ಗರಿ ನುಸಿ. ರಷ್ಯನ್ನರು ಜ್ವೊನೆತ್ಸ್ ಅಂತಾರೆ, ಗಂಟೆ ಥರ ಗುಂಯ್‌ಗುಡೋದು ಅಂತ.

ನೇರಮಾತು
ಬೇಜಾರು ಮಾಡ್ಕೋಬೇಡಿ, ಆದ್ರೂ ಕೇಳ್ತೀನಿ. ಜನ ಸೊಳ್ಳೆ ಅಂತ ಕರೀತಾರೆ, ಸೊಳ್ಳೆ ಥರಾನೇ ಇದೆ, ಸೊಳ್ಳೆ ಅಂತಾನೇ ಬರೆದ್ರೆ ನಷ್ಟ ಏನು? ಹೆಸರು ಇರೋದು ಜನರ ಬಾಯಲ್ಲಿ, ಲೆನ್ಸ್ ಇಟ್ಕೊಂಡು ಯಾರೂ ಮಾತಾಡಲ್ಲ.

ರೆಕ್ಕೆನರ
ನಷ್ಟ ಇದೆ ಅಣ್ಣ. ಸೊಳ್ಳೆ ಮರಿ ನಿಂತ ನೀರಿನ ಮೇಲ್ಮೈಗೆ ಬಂದು ಉಸಿರಾಡತ್ತೆ, ಹಾಗಾಗಿ ನೀರಿನ ಮೇಲೆ ಪದರ ಕಟ್ಟೋ ಔಷಧಿ ಹಾಕಿದ್ರೆ ಉಸಿರುಕಟ್ಟಿ ಸಾಯತ್ತೆ. ಕೈರೊನೊಮಿಡ್ ಮರಿ ಬಹುಪಾಲು ತಳದ ಕೆಸರಲ್ಲಿ ಗೂಡು ಮಾಡ್ಕೊಂಡು ಚರ್ಮದ ಮೂಲಕಾನೇ ಆಕ್ಸಿಜನ್ ಹೀರ್ಕೊಂಡಿರತ್ತೆ, ಅದಕ್ಕೆ ಮೇಲಕ್ಕೆ ಬರೋ ಗರಜೇ ಇಲ್ಲ. ಎರಡನ್ನೂ ಸೊಳ್ಳೆ ಅಂತ ಕರೆದು ಒಂದೇ ಮದ್ದು ಸುರಿದ್ರೆ ದುಡ್ಡು, ನೀರು ಎರಡೂ ಹಾಳು. ಇನ್ನೊಂದು ಕಡೆಯಿಂದ ನೋಡಿ, ಕಿಟಕಿ ಮೇಲೆ ಈ ಹುಳು ಕಂಡು ಮಲೇರಿಯಾ ಬರತ್ತೆ ಅಂತ ಜನ ಹೆದರ್ತಾರೆ. ರಕ್ತಾನೇ ಹೀರದ ಹುಳು ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಮಲೇರಿಯಾ ದಾಟಿಸಕ್ಕೆ ಆಗಲ್ಲ.

ಇನ್ನು ಸ್ಯಾಂಡ್ ಫ್ಲೈ ಅನ್ನೋ ಹೆಸರಂತೂ ನಿಜಕ್ಕೂ ಅಪಾಯದ್ದು. ವೈದ್ಯಕೀಯದಲ್ಲಿ ಸ್ಯಾಂಡ್ ಫ್ಲೈ ಅಂದ್ರೆ ಫ್ಲೆಬೊಟೊಮೈನ್ ಹುಳು, ಕಾಲಾ ಅಜಾರ್ ಅನ್ನೋ ಜ್ವರದ ಕಾಯಿಲೆ ಹರಡೋದು. ನ್ಯೂಜಿಲೆಂಡಲ್ಲಿ ಸ್ಯಾಂಡ್ ಫ್ಲೈ ಅಂದ್ರೆ ಸಿಮುಲಿಡೇ ಕುಟುಂಬದ್ದು, ಬ್ಲ್ಯಾಕ್ ಫ್ಲೈ. ಆಸ್ಟ್ರೇಲಿಯಾದಲ್ಲಿ ಕಚ್ಚೋ ಮಿಡ್ಜ್‌ಗಳಿಗೆ ಆ ಹೆಸರು. ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಸುತ್ತ ಕೆಲವು ಕಡೆ ಯಾರಿಗೂ ಕಚ್ಚದ ಈ ಕೈರೊನೊಮಿಡ್‌ಗೇ ಸ್ಯಾಂಡ್ ಫ್ಲೈ ಅಂತಾರೆ. ನಾಲ್ಕು ಬೇರೆ ಬೇರೆ ಕುಟುಂಬ, ಒಂದೇ ಹೆಸರು. ಇದನ್ನ ಮರಳು ನೊಣ ಅಂತ ಕನ್ನಡಕ್ಕೆ ತಂದು ಪಟ್ಟಿಗೆ ಹಾಕಿಬಿಟ್ರೆ ಆ ಗೊಂದಲನ ನಾವೇ ಕೈಯಾರೆ ಸಾಕ್ಕೊಂಡಂಗೆ.

ನೇರಮಾತು
ಸರಿ, ಔಷಧಿ ವಿಷಯ ಯೋಚನೆ ಮಾಡಿರ್ಲಿಲ್ಲ. ಸೊಳ್ಳೆ ಬೇಡ, ಒಪ್ಕೊಂಡೆ. ಹಂಗಾದ್ರೆ ನುಸಿ ಅನ್ನಿ, ಮುಗೀತು.

ಪದಪೆಟ್ಟಿಗೆ
ನುಸಿ ಅಂದ್ರೆ ಮುಗಿಯಲ್ಲ, ಅಲ್ಲೇ ಶುರುವಾಗೋದು! ನಾನು ಕೂಡಿಟ್ಟಿರೋ ಚೀಟಿಗಳಲ್ಲಿ ನುಸಿಗೆ ಏನೇನು ಅರ್ಥ ಇದೆ ಕೇಳಿ. ಕೆಲವು ಕಡೆ ಸೊಳ್ಳೆಗೇ ನುಸಿ ಅಂತಾರೆ. ಇನ್ನು ಕೆಲವು ಕಡೆ ಕಣ್ಣ ಮುಂದೆ ಗುಂಯ್‌ಗುಟ್ಟೋ ಪುಟಾಣಿ ಹುಳಕ್ಕೆ. ಧಾನ್ಯದಲ್ಲಿ ಬೀಳೋ ಹುಳಕ್ಕೂ ನುಸಿ ಅಂತಾನೇ. ಕೃಷಿ ಬರಹಗಳಲ್ಲಿ ನುಸಿ ಅಂದ್ರೆ ಮೈಟ್, ತೆಂಗಿಗೆ ನುಸಿಪೀಡೆ ಅಂತಾರಲ್ಲ ಅದು ಎಂಟು ಕಾಲಿನ ಜೇಡದ ಕಡೆಯ ಬಳಗ, ಕೀಟಾನೇ ಅಲ್ಲ. ಹಾಗಾಗಿ ಬರೀ ನುಸಿ ಅಂತ ಬರೆದ್ರೆ ಓದೋನು ಯಾವುದು ಅಂತ ತಿಳ್ಕೋಬೇಕು? ನೊರಜು, ಗುಂಗುರು ಅನ್ನೋ ಪದಗಳೂ ಇವೆ, ಅವು ಇನ್ನೂ ಸಡಿಲ, ಕಣ್ಣಿಗೆ ಬೀಳೋ ಸಣ್ಣ ಹಾರೋ ಹುಳು ಯಾವುದಿದ್ರೂ ನೊರಜು.

ರೆಕ್ಕೆನರ
ಇಂಗ್ಲಿಷಿನ ಮಿಡ್ಜ್ ಕೂಡ ಹಂಗೇ ಸಡಿಲ ಪದ ಸರ್, ಅದು ವರ್ಗೀಕರಣದ ಪದ ಅಲ್ಲವೇ ಅಲ್ಲ, ಸಣ್ಣ ಮೈಯ ಎರಡು ರೆಕ್ಕೆ ಹುಳುಗಳಿಗೆಲ್ಲ ಹೊದಿಸಿರೋ ಒಂದು ಕಂಬಳಿ. ಅದರೊಳಗೆ ಕಚ್ಚೋ ಮಿಡ್ಜ್ ಅಂತ ಸೆರಾಟೊಪೊಗೊನಿಡೇ ಕುಟುಂಬ ಇದೆ. ಗಾಲ್ ಮಿಡ್ಜ್ ಅಂತ ಸೆಸಿಡೊಮೈಡೇ ಇದೆ, ಭತ್ತದ ಕಣೆ ನೊಣ ಅಂತೀವಲ್ಲ ಅದು ಆ ಕುಟುಂಬದ್ದು, ಕೈರೊನೊಮಿಡ್‌ಗೂ ಅದಕ್ಕೂ ತುಂಬಾ ದೂರ. ಫ್ಯಾಂಟಮ್ ಮಿಡ್ಜ್ ಅಂತ ಕಯೊಬೊರಿಡೇ ಇದೆ, ಅದರ ಮರಿ ಗಾಜಿನ ಥರ ಪಾರದರ್ಶಕ, ನೀರಲ್ಲಿ ಇದ್ರೂ ಕಾಣಲ್ಲ.

ಈಗ ನೀವು ಕೇಳಿದ ನೆಂಟಸ್ತಿಕೆ. ಎರಡು ರೆಕ್ಕೆ ಹುಳುಗಳ ಗಣ ಡಿಪ್ಟೆರಾ, ಅದರಲ್ಲಿ ಕ್ಯುಲಿಕೊಮಾರ್ಫಾ ಅಂತ ಒಂದು ಗುಂಪು, ಸೊಳ್ಳೆ, ಕೈರೊನೊಮಿಡ್ ಎರಡೂ ಅದರೊಳಗೇ ಇವೆ. ಆದ್ರೆ ಅಲ್ಲಿಂದ ಎರಡು ಕವಲು. ಒಂದು ಕವಲಲ್ಲಿ ಸೊಳ್ಳೆ, ಫ್ಯಾಂಟಮ್ ಮಿಡ್ಜ್, ಡಿಕ್ಸಿಡೇ ಇತ್ಯಾದಿ. ಇನ್ನೊಂದು ಕವಲಲ್ಲಿ ಕೈರೊನೊಮಿಡೇ, ಕಚ್ಚೋ ಮಿಡ್ಜ್, ಬ್ಲ್ಯಾಕ್ ಫ್ಲೈ, ಥಾಮಲೈಡೇ. ಅಂದ್ರೆ ನೋಡಿ, ಕಚ್ಚದ ಈ ಹುಳುವಿಗೆ ಹತ್ತಿರದ ದಾಯಾದಿ ಸೊಳ್ಳೆ ಅಲ್ಲ, ಚರ್ಮ ಕಿತ್ತು ರಕ್ತ ಕುಡಿಯೋ ಬ್ಲ್ಯಾಕ್ ಫ್ಲೈ, ಕಚ್ಚೋ ಮಿಡ್ಜ್ ಇವುಗಳೇ. ಸೊಳ್ಳೆ ಒಂದು ತಲೆಮಾರು ಆಚೆಯ ನೆಂಟ ಅನ್ಕೊಳ್ಳಿ. ಹಳೇ ಪುಸ್ತಕಗಳಲ್ಲಂತೂ ಕಚ್ಚೋ ಮಿಡ್ಜ್‌ಗಳನ್ನ ಕೈರೊನೊಮಿಡೇ ಒಳಗೇ ಒಂದು ಉಪಕುಟುಂಬವಾಗಿ ಇಟ್ಟಿದ್ರು, ಆಮೇಲೆ ಬೇರೆ ಮಾಡಿದ್ದು. ರೆಕ್ಕೇಲಿ ಒಂದು ಸುಲಭದ ಗುರುತಿದೆ, ನಡುವಿನ ಮೀಡಿಯಾ ಅನ್ನೋ ನರ ಕಚ್ಚೋ ಮಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ಕವಲೊಡೆಯತ್ತೆ, ಕೈರೊನೊಮಿಡ್‌ಗಳಲ್ಲಿ ಕವಲಿಲ್ಲದೆ ನೇರ ಹೋಗತ್ತೆ.

ಗಾಜಿನಮನೆ
ನಾನು ಇಪ್ಪತ್ತು ವರ್ಷದಿಂದ ಅಕ್ವೇರಿಯಂ ಇಟ್ಕೊಂಡಿರೋಳು, ಮೀನಿಗೆ ಹಾಕೋ ಬ್ಲಡ್‌ವರ್ಮ್ ಇದರದ್ದೇ ಮರಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಅಷ್ಟು ಕೆಂಪಗೆ ಯಾಕಿರತ್ತೆ ಅದು? ಇನ್ನೊಂದು ವಿಷಯ, ಒಣಗಿಸಿದ ಬ್ಲಡ್‌ವರ್ಮ್ ಡಬ್ಬಿ ತೆಗೆದಾಗೆಲ್ಲ ನನಗೆ ಸೀನು, ಕಣ್ಣು ಕೆರೆತ, ಕೈ ಮೇಲೆ ಗಂಧೆ. ಮೊದಲು ಧೂಳು ಅನ್ಕೊಂಡಿದ್ದೆ.

ಕೆಸರುಬಲೆ
ಮೇಡಂ ಅದು ಧೂಳಲ್ಲ, ಬರಿಗೈಲಿ ಮುಟ್ಟಬೇಡಿ ದಯವಿಟ್ಟು, ಡಾಕ್ಟರಿಗೆ ತೋರಿಸಿ. ಆ ಕೆಂಪು ಬಣ್ಣ ಹಿಮೋಗ್ಲೋಬಿನ್, ನಮ್ಮ ರಕ್ತದಲ್ಲಿರೋ ಅದೇ ಬಗೆಯ ಪ್ರೋಟೀನು, ಆದ್ರೆ ಇವುಗಳಲ್ಲಿ ರಕ್ತಕಣದೊಳಗೆ ಅಲ್ಲ, ದೇಹದ ದ್ರವದಲ್ಲೇ ಕರಗಿರತ್ತೆ. ಕೆರೆ ತಳದ ಕೆಸರಲ್ಲಿ ಆಕ್ಸಿಜನ್ ತೀರಾ ಕಮ್ಮಿ ಇರತ್ತಲ್ಲ, ಅಲ್ಲಿ ಬದುಕಕ್ಕೆ ಈ ಹಿಮೋಗ್ಲೋಬಿನ್ನೇ ಆಸರೆ. ವಿಚಿತ್ರ ಏನಂದ್ರೆ ಅಲರ್ಜಿ ತರೋದೂ ಅದೇ ಹಿಮೋಗ್ಲೋಬಿನ್. ಸುಡಾನಲ್ಲಿ ನೈಲ್ ನದಿ ದಂಡೆ ಊರುಗಳಲ್ಲಿ ಕ್ಲಾಡೊಟ್ಯಾನಿಟಾರ್ಸಸ್ ಲೂವಿಸೈ ಅನ್ನೋ ಪ್ರಭೇದ ಮೋಡ ಮೋಡವಾಗಿ ಎದ್ದು ಜನಕ್ಕೆ ಉಬ್ಬಸ ಬರ್ತಿತ್ತು, ಅಲ್ಲಿಯವರು ಅದನ್ನ ಹಸಿರು ನಿಮಿತ್ತಿ ಅಂತ ಕರೀತಾರೆ. ಕಚ್ಚದ ಹುಳು ಅಂದ ಮಾತ್ರಕ್ಕೆ ತೊಂದರೆ ಕೊಡದ ಹುಳು ಅಂತಲ್ಲ. ನಾನ್ ಬೈಟಿಂಗ್ ಅನ್ನೋ ಹೆಸರು ಈ ವಿಷಯನೂ ಮರೆಮಾಡತ್ತೆ.

ಬ್ಲಡ್‌ವರ್ಮ್ ಅನ್ನೋದೂ ಜಾರೋ ಹೆಸರೇ ಮೇಡಂ. ಸಮುದ್ರದಲ್ಲಿ ಗ್ಲೈಸೆರಾ ಅಂತ ಒಂದು ಹುಳು ಇದೆ, ಎರೆಹುಳದ ಕಡೆಯ ಸಂಬಂಧ, ಗಾಳ ಹಾಕೋರು ಅದಕ್ಕೂ ಬ್ಲಡ್‌ವರ್ಮ್ ಅಂತಾರೆ. ಅದೂ ಅಲ್ಲದೆ ಈ ಕುಟುಂಬದ ಮರಿಗಳೆಲ್ಲ ಕೆಂಪಲ್ಲ. ಕೈರೊನೊಮಿನೇ ಉಪಕುಟುಂಬದಲ್ಲಿ ಕೆಂಪು ಹೆಚ್ಚು. ತೊರೆಗಳಲ್ಲಿ ಕಲ್ಲಿಗೆ ಅಂಟ್ಕೊಂಡಿರೋ ಆರ್ಥೊಕ್ಲಾಡಿನೇ ಮರಿಗಳು ಹಸಿರು, ಬಿಳಚು, ಕಂದು ಏನು ಬೇಕಾದ್ರೂ ಇರ್ತಾವೆ. ಬಣ್ಣ ಬಿಟ್ಟು ಗುರುತು ಹಿಡೀಬೇಕಂದ್ರೆ ಕಾಲು ನೋಡಿ, ತಲೆ ಹಿಂದೆ ಒಂದು ಜೊತೆ ಮೋಟು ಕಾಲು, ಬಾಲದ ತುದೀಲಿ ಒಂದು ಜೊತೆ. ಸೊಳ್ಳೆ ಮರಿಗೆ ಕಾಲೇ ಇಲ್ಲ, ಎದೆ ಊದ್ಕೊಂಡಿರತ್ತೆ.

ಗಾಜಿನಮನೆ
ತುಂಬಾ ಥ್ಯಾಂಕ್ಸ್ ಸರ್, ಗ್ಲೌಸ್ ಹಾಕ್ಕೋತೀನಿ, ಡಾಕ್ಟರ್ ಹತ್ರನೂ ಹೋಗ್ತೀನಿ. ಪದಪೆಟ್ಟಿಗೆ ಅವರೇ, ಮರಿಗೆ ಬೇರೆ ಹೆಸರು ಹಾಕಿ ಪಟ್ಟೀಲಿ, ನಮ್ಮಂಥೋರು ಹುಡುಕೋದು ಮರಿ ಹೆಸರಿಂದ, ದೊಡ್ಡ ಹುಳದ ಹೆಸರಿಂದ ಅಲ್ಲ.

ಪದಪೆಟ್ಟಿಗೆ
ಖಂಡಿತ ಮೇಡಂ, ಅದು ನನಗೆ ಹೊಳೆದೇ ಇರ್ಲಿಲ್ಲ. ರೆಕ್ಕೆನರ ಅವರೇ, ಉಪಕುಟುಂಬ ಅಂದ್ರಲ್ಲ, ಒಟ್ಟು ಎಷ್ಟಿವೆ? ಒಂದು ಹಳೇ ಪುಸ್ತಕದಲ್ಲಿ ಟೆಂಡಿಪೆಡಿಡೇ ಅಂತ ನೋಡ್ದೆ, ಚಿತ್ರ ನೋಡಿದ್ರೆ ಇದೇ ಹುಳು. ಅದು ಬೇರೆ ಕುಟುಂಬನಾ?

ರೆಕ್ಕೆನರ
ಅದೇ ಇದು! ಟೆಂಡಿಪೆಡಿಡೇ ಕಥೆ ಹೇಳ್ಲೇಬೇಕು, ವಿಜ್ಞಾನದ ಹೆಸರಂದ್ರೆ ಕಲ್ಲಲ್ಲಿ ಕೊರೆದಂಗೆ ಅನ್ಕೊಂಡಿರೋರಿಗೆ ಇದು ಗೊತ್ತಿರಬೇಕು. ಜೀವಿಗಳಿಗೆ ಹೆಸರಿಡೋ ಪದ್ಧತಿ ಹಾಕಿಕೊಟ್ಟ ಲಿನೇಯಸ್ 1758ರಲ್ಲಿ ಇದರ ಒಂದು ಪ್ರಭೇದಕ್ಕೆ ಟಿಪುಲಾ ಪ್ಲುಮೋಸಾ ಅಂತ ಹೆಸರಿಟ್ಟ, ಅಂದ್ರೆ ಉದ್ದುದ್ದ ಕಾಲಿನ ಕ್ರೇನ್ ಫ್ಲೈಗಳ ಜೊತೆಗೇ ಸೇರಿಸಿದ್ದ, ಪ್ಲುಮೋಸಾ ಅಂದ್ರೆ ಗರಿಗರಿಯಾದದ್ದು. ಆಮೇಲೆ ಮೈಗೆನ್ 1800ರಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಟೆಂಡಿಪೆಸ್ ಅಂತ ಜೀನಸ್ ಹೆಸರು ಕೊಟ್ಟ, ಅದೇ ಮನುಷ್ಯ ಮೂರು ವರ್ಷ ಬಿಟ್ಟು 1803ರಲ್ಲಿ ಕೈರೊನೊಮಸ್ ಅಂತ ಬರೆದ. ಮೊದಲನೇ ಪುಸ್ತಕ ಹೆಚ್ಚುಕಮ್ಮಿ ಮರೆತೇ ಹೋಗಿತ್ತು, ಎಲ್ಲರೂ ಕೈರೊನೊಮಸ್ ಅಂತಾನೇ ಬಳಸ್ತಿದ್ರು. 1908ರಲ್ಲಿ ಹೆಂಡೆಲ್ ಅನ್ನೋರು ಆ 1800ರ ಪುಸ್ತಕ ಮತ್ತೆ ಬೆಳಕಿಗೆ ತಂದ್ರು. ಮೊದಲು ಕೊಟ್ಟ ಹೆಸರಿಗೇ ಹಕ್ಕು ಅನ್ನೋದು ಪ್ರಾಣಿಗಳ ನಾಮಕರಣದ ನಿಯಮ, ಹಾಗಾಗಿ ಕೆಲವರು ಟೆಂಡಿಪೆಸ್, ಟೆಂಡಿಪೆಡಿಡೇ ಅಂತ ಬರೆಯಕ್ಕೆ ಶುರು ಮಾಡಿದ್ರು, ಇನ್ನು ಕೆಲವರು ಹಳೇದೇ ಬಳಸಿದ್ರು, ದಶಕಗಟ್ಟಲೆ ಒಂದೇ ಹುಳಕ್ಕೆ ಎರಡು ಹೆಸರು ಓಡ್ತು. ಕೊನೆಗೆ 1963ರಲ್ಲಿ ಅಂತಾರಾಷ್ಟ್ರೀಯ ಪ್ರಾಣಿ ನಾಮಕರಣ ಆಯೋಗ ಮೈಗೆನ್‌ನ 1800ರ ಹೆಸರುಗಳನ್ನ ಪೂರ್ತಿ ತಳ್ಳಿಹಾಕಿ ತೀರ್ಪು ಕೊಟ್ಟಮೇಲೆ ಕೈರೊನೊಮಿಡೇ ಗಟ್ಟಿಯಾಯ್ತು. ಲಿನೇಯಸ್‌ನ ಆ ಗರಿ ಹುಳು ಈಗ ಕೈರೊನೊಮಸ್ ಪ್ಲುಮೋಸಸ್, ಜೀನಸ್‌ನ ಹೆಸರಿಗೆ ಆಧಾರವಾಗಿರೋ ಮಾದರಿ ಪ್ರಭೇದ. ಹಳೇ ಪುಸ್ತಕದಲ್ಲಿ ಪೆಲೊಪಿನೇ ಅಂತ ಸಿಕ್ಕಿದ್ರೆ ಅದನ್ನ ಟ್ಯಾನಿಪೊಡಿನೇ ಅಂತ ಓದ್ಕೊಳ್ಳಿ, ಅದೇ ಜಗಳದ್ದು.

ಉಪಕುಟುಂಬ ಹನ್ನೊಂದು. ಎಲ್ಲಾ ಬಾಯಿಪಾಠ ಮಾಡೋದು ಬೇಡ, ಕಣ್ಣಿಗೆ ಬೀಳೋದು ಮುಖ್ಯವಾಗಿ ಮೂರು, ಕೈರೊನೊಮಿನೇ, ಆರ್ಥೊಕ್ಲಾಡಿನೇ, ಟ್ಯಾನಿಪೊಡಿನೇ. ಟ್ಯಾನಿಪೊಡಿನೇ ಮರಿಗಳು ಬೇಟೆಗಾರರು, ಗೂಡು ಕಟ್ಟದೆ ಓಡಾಡ್ಕೊಂಡು ಬೇರೆ ಮರಿಗಳನ್ನ ತಿಂತಾವೆ, ಕುಡಿಮೀಸೇನ ತಲೆಯೊಳಗೆ ಎಳ್ಕೊಂಡುಬಿಡ್ತಾವೆ. ಡಯಾಮೆಸಿನೇ ತಣ್ಣೀರಿನವು. ಟೆಲ್ಮಟೊಜಿಟೊನಿನೇ ಬಹುಪಾಲು ಸಮುದ್ರದ ಅಲೆ ಬಡಿಯೋ ಬಂಡೆಗಳ ಮೇಲೆ. ಪೊಡೊನೊಮಿನೇ, ಅಫ್ರೊಟೆನಿನೇ ದಕ್ಷಿಣ ಗೋಳಾರ್ಧದ ಕಡೆ ಹೆಚ್ಚು. ಉಸಂಬರೊಮೈನೇ ಅನ್ನೋ ಉಪಕುಟುಂಬಕ್ಕೆ ತಾಂಜಾನಿಯಾದ ಉಸಂಬರಾ ಬೆಟ್ಟಗಳಿಂದ ಬಂದ ಹೆಸರು, 1994ರಲ್ಲಿ ವರ್ಣನೆ ಆಗಿದ್ದು. ಉಳಿದವು ಪ್ರೊಡಯಾಮೆಸಿನೇ, ಬುಕೊನೊಮೈನೇ, ಚಿಲೆನೊಮೈನೇ. ಒಟ್ಟು ಹೆಸರು ಕೊಟ್ಟಿರೋ ಪ್ರಭೇದಗಳೇ 6000 ದಾಟಿವೆ.

ದಕ್ಷಿಣದ ಗುಂಪುಗಳ ಬಗ್ಗೆ ಒಂದು ಮಾತು ಸೇರಿಸ್ತೀನಿ. ಸ್ವೀಡನ್ನಿನ ಬ್ರುಂಡಿನ್ ಅನ್ನೋ ವಿಜ್ಞಾನಿ ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಈ ಹುಳುಗಳ ವಂಶವೃಕ್ಷ ಬಿಡಿಸಿ 1966ರಲ್ಲಿ ಪ್ರಕಟಿಸಿದ್ರು, ಈ ಖಂಡಗಳು ಒಂದು ಕಾಲದಲ್ಲಿ ಅಂಟ್ಕೊಂಡಿದ್ವು ಅನ್ನೋದಕ್ಕೆ ಅದು ಬಲವಾದ ಸಾಕ್ಷಿ ಆಯ್ತು. ಭೂಫಲಕಗಳ ಚಲನೆ ಎಲ್ಲರೂ ಇನ್ನೂ ಒಪ್ಪಿರದ ಕಾಲ ಅದು. ಕಿಟಕೀಲಿ ಸತ್ತು ಬೀಳೋ ಹುಳುವಿನ ಬಳಗ ಗೊಂಡ್ವಾನಾದ, ಅಂದ್ರೆ ಆ ಅಂಟ್ಕೊಂಡಿದ್ದ ದಕ್ಷಿಣದ ಭೂಖಂಡದ, ಕಥೆ ಹೇಳ್ತು ಅಂದ್ರೆ ನನಗೆ ಈಗ್ಲೂ ಮೈ ಜುಂ ಅನ್ನತ್ತೆ.

ನೇರಮಾತು
ಇಷ್ಟು ಚಿಕ್ಕ ಹುಳದಲ್ಲಿ 6000 ಬಗೆ ಹೆಂಗೆ ಬೇರೆ ಮಾಡ್ತಾರೆ ಗುರೂ? ನನ್ನ ಕಣ್ಣಿಗೆ ಎಲ್ಲಾ ಒಂದೇ.

ಕೆಸರುಬಲೆ
ಬರಿಗಣ್ಣಿಗೆ ನಮಗೂ ಒಂದೇ. ದೊಡ್ಡ ಹುಳದಲ್ಲಿ ಗಂಡಿನ ಹೊಟ್ಟೆ ತುದಿಯ ಜನನಾಂಗದ ಆಕಾರ ನೋಡ್ಬೇಕು, ಸ್ಲೈಡ್ ಮಾಡಿ ಮೈಕ್ರೊಸ್ಕೋಪ್ ಕೆಳಗೆ. ಮರೀಲಿ ತಲೆಯ ಬುರುಡೆ, ಅದರ ಕೆಳಗಡೆ ಹಲ್ಲು ಹಲ್ಲಾಗಿರೋ ಒಂದು ತಟ್ಟೆ ಇರತ್ತೆ, ಮೆಂಟಮ್ ಅಂತ, ಆ ಹಲ್ಲುಗಳ ಲೆಕ್ಕ, ಆಕಾರ. ಆ ಬುರುಡೆ ಎಷ್ಟು ಗಟ್ಟಿ ಅಂದ್ರೆ ಕೆರೆ ತಳದ ಕೆಸರಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿಯತ್ತೆ, ಯಾವ ಪದರದಲ್ಲಿ ಯಾವ ಜೀನಸ್ ಇದೆ ನೋಡಿ ಆ ಕಾಲದ ಬೇಸಿಗೆಯ ತಾಪಮಾನ ಅಂದಾಜು ಮಾಡ್ತಾರೆ.

ನನಗೆ ಇಷ್ಟದ ದಾರಿ ಮಾತ್ರ ಪ್ಯೂಪಾದ, ಅಂದ್ರೆ ಮರಿಗೂ ದೊಡ್ಡ ಹುಳಕ್ಕೂ ನಡುವಿನ ಹಂತದ, ಚರ್ಮ. ದೊಡ್ಡ ಹುಳು ಹೊರಬಂದ್ಮೇಲೆ ಖಾಲಿ ಚರ್ಮ ನೀರ ಮೇಲೆ ತೇಲ್ತಾ ಇರತ್ತೆ, ಗಾಳಿ ಬೀಸೋ ಕಡೆ ದಂಡೆಗೆ ಬಂದು ಸೇರತ್ತೆ. ಒಂದು ಸಣ್ಣ ಬಲೆ ಹಾಕಿ ಬಾಚಿದ್ರೆ ಆಯ್ತು, ಒಂದು ಹುಳನೂ ಸಾಯಿಸೋದು ಬೇಡ, ಆ ಕೆರೇಲಿ ಯಾರ್ಯಾರು ಇದಾರೆ ಅಂತ ಪಟ್ಟಿ ಸಿಗತ್ತೆ. ಜರ್ಮನಿಯ ಥೀನೆಮಾನ್ 1910ರಲ್ಲೇ ಇದನ್ನ ಬರೆದಿದ್ರು. ಅವರೇ ಕೆರೆಗಳನ್ನೂ ಈ ಹುಳು ಇಟ್ಕೊಂಡು ವಿಂಗಡಿಸಿದ್ದು, ತಳದಲ್ಲಿ ಆಕ್ಸಿಜನ್ ಚೆನ್ನಾಗಿದ್ರೆ ಟ್ಯಾನಿಟಾರ್ಸಸ್ ಕೆರೆ, ಕಮ್ಮಿ ಇದ್ರೆ ಕೈರೊನೊಮಸ್ ಕೆರೆ. ಎಲ್ಲಾನೂ ಸೊಳ್ಳೆ ಅಂದುಬಿಟ್ರೆ ಈ ಮಾಹಿತಿ ಎಲ್ಲಾ ಕೈತಪ್ಪಿ ಹೋಗತ್ತೆ, ನನಗೆ ಹೊಟ್ಟೆ ಉರಿಯೋದು ಅಲ್ಲೇ.

ರೆಕ್ಕೆನರ
ಅದರಲ್ಲೂ ಬಗೆಹರೀದೆ ಇದ್ರೆ ಕ್ರೋಮೋಸೋಮ್. ಈ ಮರಿಗಳ ಜೊಲ್ಲುಗ್ರಂಥೀಲಿ ದೈತ್ಯ ಕ್ರೋಮೋಸೋಮ್ ಇರತ್ತೆ, ಪಾಲಿಟೀನ್ ಅಂತಾರಲ್ಲ, ಬಾಲ್ಬಿಯಾನಿ 1881ರಲ್ಲಿ ಅದನ್ನ ಮೊದಲು ನೋಡಿದ್ದು ಕೈರೊನೊಮಸ್ ಮರೀಲೇ. ಅದರ ಮೇಲಿನ ಪಟ್ಟೆಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಕ್ರಮದಲ್ಲಿರ್ತಾವೆ. ಹಳೇ ಲ್ಯಾಬ್ ಬರಹಗಳಲ್ಲಿ ಕೈರೊನೊಮಸ್ ಥುಮ್ಮೈ ಥುಮ್ಮೈ, ಥುಮ್ಮೈ ಪೈಗರ್ ಅಂತ ಎರಡು ಉಪಪ್ರಭೇದ ಸಿಗತ್ತೆ, ಹೊರಗಿನಿಂದ ನೋಡಿದ್ರೆ ಒಂದೇ. ಈಗ ಒಂದು ಕೈರೊನೊಮಸ್ ರಿಪೇರಿಯಸ್, ಇನ್ನೊಂದು ಕೈರೊನೊಮಸ್ ಪೈಗರ್, ಎರಡು ಬೇರೆ ಪ್ರಭೇದ.

ಪದಪೆಟ್ಟಿಗೆ
ತಲೆ ತುಂಬೋಯ್ತು, ಆದ್ರೆ ಖುಷಿಯಾಗಿದೆ. ಈಗ ಹೆಸರಿಗೆ ಬರ್ತೀನಿ. ನನ್ನ ಮುಂದೆ ಈಗ ನಾಲ್ಕು ಇವೆ: ಕೆರೆ ನೊಣ, ಕುರುಡು ಸೊಳ್ಳೆ, ಗರಿನುಸಿ, ಕಚ್ಚದ ನುಸಿ. ಒಂದೊಂದಕ್ಕೂ ನಿಮ್ಮ ಅಭಿಪ್ರಾಯ ಹೇಳಿ. ನನ್ನ ಮನಸ್ಸು ಕೆರೆ ನೊಣದ ಕಡೆ ಇದೆ, ಕೇಳಕ್ಕೆ ಸಹಜವಾಗಿದೆ.

ಕೆಸರುಬಲೆ
ಕೆರೆ ನೊಣ ಬೇಡ ಸರ್. ಅಮೆರಿಕದ ವಿನ್ನೆಬೇಗೊ ಕೆರೆ ಸುತ್ತ ಲೇಕ್ ಫ್ಲೈ ಅಂದ್ರೆ ಕೈರೊನೊಮಸ್ ಪ್ಲುಮೋಸಸ್, ಅಲ್ಲಿಗೆ ಸರಿ. ಆದ್ರೆ ಆಫ್ರಿಕದ ವಿಕ್ಟೋರಿಯಾ ಸರೋವರದ ಮೇಲೆ ಕಪ್ಪು ಹೊಗೆ ಥರ ಏಳೋ ಲೇಕ್ ಫ್ಲೈ ಮೋಡಗಳಲ್ಲಿ ಕಯೊಬೊರಸ್ ಅನ್ನೋ ಫ್ಯಾಂಟಮ್ ಮಿಡ್ಜ್ ಕೂಡ ತುಂಬಾ ಇರತ್ತೆ, ಅದು ಸೊಳ್ಳೆಯ ಕವಲಿನದ್ದು. ಮಲಾವಿಯಲ್ಲಿ ಅಂಥ ಮೋಡದಿಂದ ಹುಳು ಹಿಡಿದು ಒತ್ತಿ ಕುಂಗು ಅಂತ ಮಾಡ್ತಾರೆ, ಆ ಹುಳದ ಹೆಸರೇ ಕಯೊಬೊರಸ್ ಎಡ್ಯುಲಿಸ್, ತಿನ್ನೋಕಾಗೋದು ಅಂತ. ಕೆಲವು ಬರಹಗಳಲ್ಲಿ ಇದನ್ನೂ ಕೈರೊನೊಮಿಡ್ ಅಂತ ಬರೆದುಬಿಡ್ತಾರೆ.

ಇನ್ನೊಂದು ಕಾರಣ, ಇವು ಬರೀ ಕೆರೇಲಿ ಇರಲ್ಲ. ಬೆಲ್ಜಿಕಾ ಅಂಟಾರ್ಕ್ಟಿಕಾ ಅಂತ ಒಂದಿದೆ, ರೆಕ್ಕೇನೇ ಇಲ್ಲ, ಉದ್ದ ಹೆಚ್ಚಂದ್ರೆ 6 ಮಿಲಿಮೀಟರ್, ಅಂಟಾರ್ಕ್ಟಿಕಾದ ನೆಲದ ಮೇಲೇ ಪೂರ್ತಿ ಬದುಕೋ ಪ್ರಾಣಿಗಳಲ್ಲಿ ಅದೇ ದೊಡ್ಡದು, ಪೆಂಗ್ವಿನ್ ಸೀಲ್ ಎಲ್ಲಾ ಸಮುದ್ರ ನಂಬಿದವು ತಾನೇ. ನೇಪಾಳದ ಹಿಮನದಿ ಮೇಲೆ ಒಂದು ಡಯಾಮೆಸಾ ಸಿಕ್ಕಿದೆ, ಮೈನಸ್ 16 ಡಿಗ್ರೀಲೂ ನಡೆದಾಡ್ತಿತ್ತು. ಆಫ್ರಿಕದ ಬಂಡೆ ಹೊಂಡಗಳಲ್ಲಿ ಪಾಲಿಪೆಡಿಲಮ್ ವ್ಯಾಂಡರ್‌ಪ್ಲಾಂಕಿ ಇದೆ, ಹೊಂಡ ಬತ್ತಿದ್ರೆ ಮರಿನೂ ಪೂರ್ತಿ ಒಣಗಿ ಹಪ್ಪಳ ಆಗತ್ತೆ, ವರ್ಷಗಟ್ಟಲೆ ಹಂಗೇ ಬಿದ್ದಿದ್ದು ನೀರು ಬಿದ್ದ ಮೇಲೆ ಎದ್ದು ಓಡಾಡತ್ತೆ, 17 ವರ್ಷ ಒಣಗಿದ್ದೂ ಎದ್ದಿದೆ. ಪೊಂಟೊಮೈಯಾ ಸಮುದ್ರದ ನೀರಲ್ಲಿ. ಇವಕ್ಕೆಲ್ಲ ಕೆರೆ ನೊಣ ಅಂದ್ರೆ ಹೆಂಗೆ?

ರೆಕ್ಕೆನರ
ಕುರುಡು ಸೊಳ್ಳೆ ನನಗೆ ಬೇಡವೇ ಬೇಡ. ಫ್ಲೋರಿಡಾದಲ್ಲಿ ಗ್ಲಿಪ್ಟೊಟೆಂಡಿಪೆಸ್ ಪ್ಯಾರಿಪೆಸ್ ಅಂಥವಕ್ಕೆ ಹಂಗಂತಾರೆ, ಚಿಜಿವಿಂಕ್ ಅಂತಾನೂ ಒಂದು ಹೆಸರಿದೆ ಅಲ್ಲಿ. ಅದಕ್ಕೆ ಕಣ್ಣು ಚೆನ್ನಾಗೇ ಇದೆ, ಸೊಳ್ಳೆನೂ ಅಲ್ಲ, ಎರಡು ಪದದಲ್ಲಿ ಎರಡು ತಪ್ಪು. ಗ್ರೇಟ್ ಲೇಕ್ಸ್ ಕಡೆ ಮಫಲ್‌ಹೆಡ್ ಅಂತಾರೆ, ಅದು ಗಂಡಿನ ಗರಿ ಮೀಸೆ ನೋಡಿ ಬಂದಿರಬೋದು ಅನ್ಸತ್ತೆ ನನಗೆ. ಅಲ್ಲೇ ಕೆನೇಡಿಯನ್ ಸೋಲ್ಜರ್ ಅಂತಾನೂ ಅಂತಾರೆ, ಅದೇ ಹೆಸರು ಮೇಫ್ಲೈಗಳಿಗೂ ಇದೆ.

ಗರಿನುಸಿ ಚಂದ ಇದೆ, ಆದ್ರೆ ಗರಿ ಗಂಡಿಗೆ ಮಾತ್ರ, ಅದೂ ಎಲ್ಲಾ ಪ್ರಭೇದದಲ್ಲೂ ಅಲ್ಲ, ಜೊತೆಗೆ ಗಂಡು ಸೊಳ್ಳೆಗೂ ಗರಿ ಇದೆ. ಆ ಗರಿ ವಾಸನೆಗಲ್ಲ, ಹೆಣ್ಣಿನ ರೆಕ್ಕೆ ಸದ್ದು ಕೇಳಿಸ್ಕೊಳ್ಳಕ್ಕೆ, ಗುಂಪಿನೊಳಗೆ ಹೆಣ್ಣು ಹಾರಿ ಬಂದ್ರೆ ಅದರಿಂದ ಗೊತ್ತಾಗೋದು.

ನೇರಮಾತು
ಹಂಗೆ ನೋಡಿದ್ರೆ ಕಚ್ಚದ ನುಸಿನೂ ಬಿದ್ದೋಯ್ತಲ್ಲ, ನುಸಿ ಅಂದ್ರೆ ಮೈಟ್ ಅಂತ ನೀವೇ ಅಂದ್ರಿ.

ರೆಕ್ಕೆನರ
ನಿಜ ಅಣ್ಣ. ಇನ್ನೂ ಒಂದು ಸೇರಿಸ್ತೀನಿ ನಿಮ್ಮ ಮಾತಿಗೆ. ಪೊಡೊನೊಮಿನೇಯಲ್ಲಿ ಆರ್ಕಿಯೊಕ್ಲಸ್ ಅಂತ ಇದೆ, ಅದರ ಹೆಣ್ಣಿಗೆ ಕೊಯ್ಯೋ ದವಡೆ ಇನ್ನೂ ಉಳ್ಕೊಂಡಿದೆ, ಅಂದ್ರೆ ಇವರ ಮುತ್ತಜ್ಜಿಯರಿಗೆ ಕಚ್ಚೋ ಬಾಯಿ ಇತ್ತು, ಕಾಲಕ್ರಮೇಣ ಕಳ್ಕೊಂಡ್ರು. ಕಚ್ಚದೇ ಇರೋದು ಹುಟ್ಟುಗುಣ ಅಲ್ಲ, ಆಮೇಲೆ ಬಂದಿದ್ದು.

ಆದ್ರೂ ನನ್ನ ಓಟು ಕಚ್ಚದ ನುಸಿಗೇ. ಯಾಕಂದ್ರೆ ಹೆಸರು ನೂರಕ್ಕೆ ನೂರು ಕರಾರುವಾಕ್ಕಾಗಿರಬೇಕು ಅಂತ ಹಟ ಹಿಡಿದ್ರೆ ಒಂದೂ ಸಿಗಲ್ಲ, ಆ ಕೆಲಸಕ್ಕೆ ಕೈರೊನೊಮಿಡೇ ಅನ್ನೋದು ಇದ್ದೇ ಇದೆ. ಜನ ಬಳಸೋ ಹೆಸರಿನಿಂದ ನಾವು ಕೇಳ್ಬೇಕಾದ್ದು ಇಷ್ಟೇ, ಅದು ಓದೋನನ್ನ ತಪ್ಪು ಕುಟುಂಬಕ್ಕೆ ಕರ್ಕೊಂಡು ಹೋಗಬಾರದು. ಕುರುಡು ಸೊಳ್ಳೆ ಸೊಳ್ಳೆ ಹತ್ರ ಕರ್ಕೊಂಡು ಹೋಗತ್ತೆ, ಮರಳು ನೊಣ ಕಾಲಾ ಅಜಾರ್ ಹತ್ರ. ಕಚ್ಚದ ನುಸಿ ಅಂದ್ರೆ ಹತ್ತಿರದ ದಾಯಾದಿ ಕಚ್ಚೋ ನುಸಿ ಪಕ್ಕಕ್ಕೇ ಹೋಗತ್ತೆ, ಅದು ವರ್ಗೀಕರಣದಲ್ಲೂ ಸರಿ. ಮೈಟ್ ಗೊಂದಲಕ್ಕೆ ಒಂದು ಸಾಲಿನ ಟಿಪ್ಪಣಿ ಹಾಕಿ.

ಕೆಸರುಬಲೆ
ನನ್ನ ಮನಸ್ಸು ಇನ್ನೂ ಅಲ್ಲಾಡೋ ಕಾಲಿನ ಮೇಲೇ ಇದೆ. ಕೈಯಾಡಿ ನುಸಿ ಅಂತ ಒಂದು ಪರ್ಯಾಯನಾದ್ರೂ ಹಾಕಿ ಸರ್, ಗೋಡೆ ಮೇಲೆ ಕೂತಿದ್ದನ್ನ ಕಣ್ಣಲ್ಲೇ ನೋಡಿ ಗುರುತು ಹಿಡಿಯಕ್ಕೆ ಒಂದು ಮಗುಗೂ ಆಗತ್ತೆ.

ಪದಪೆಟ್ಟಿಗೆ
ಸರಿ, ಹೀಗೆ ಬರೆದಿದೀನಿ, ನೋಡಿ ಹೇಳಿ:

"ಕಚ್ಚದ ನುಸಿ, ಕೈಯಾಡಿ ನುಸಿ: ಕೈರೊನೊಮಿಡೇ ಕುಟುಂಬದ ಹುಳುಗಳು. ಸೊಳ್ಳೆಯಂತೆ ಕಾಣುತ್ತವೆ, ಸೊಂಡಿಲಿಲ್ಲ, ರೆಕ್ಕೆ ಮೇಲೆ ಹುರುಪೆ ಇಲ್ಲ, ಕೂತಾಗ ಮುಂಗಾಲು ಎತ್ತಿರುತ್ತವೆ. ಕಚ್ಚುವ ನುಸಿ (ಸೆರಾಟೊಪೊಗೊನಿಡೇ) ಬೇರೆ ಕುಟುಂಬ. ಗಿಡಗಳ ನುಸಿಪೀಡೆಯ ನುಸಿ ಕೀಟವಲ್ಲ, ಇದಕ್ಕೆ ಸಂಬಂಧವಿಲ್ಲ. ಮರಿ: ಕೆಂಪು ಹುಳು, ಬ್ಲಡ್‌ವರ್ಮ್."

ಗಾಜಿನಮನೆ
ಮರಿ ಸಾಲಲ್ಲಿ "ಎಲ್ಲವೂ ಕೆಂಪಲ್ಲ" ಅಂತ ಸೇರಿಸಿ, ಅಲರ್ಜಿ ಇರೋರು ಬರಿಗೈಲಿ ಮುಟ್ಟಬಾರದು ಅಂತಾನೂ.

ನೇರಮಾತು
ಮುಂಗಾಲು ಎತ್ತೋದು "ಸಾಮಾನ್ಯವಾಗಿ" ಅಂತ ಹಾಕಿ. ಇಲ್ಲಿ ನನ್ನ ಗೋಡೆ ಮೇಲೆ ಎರಡು ಕೂತಿವೆ, ಸೊಂಡಿಲು ಇಲ್ಲ, ಒಂದು ಎತ್ತಿದೆ ಇನ್ನೊಂದು ಎತ್ತಿಲ್ಲ.

ಪದಪೆಟ್ಟಿಗೆ
ಮೂರೂ ಸೇರಿಸ್ದೆ. ನೇರಮಾತು ಅವರೇ, ಕಾಲು ಎತ್ತದೇ ಇರೋದರ ಫೋಟೋ ಹತ್ತಿರದಿಂದ ತೆಗೆದು ಹಾಕಿ, ರೆಕ್ಕೆಯ ನಡುವಿನ ನರ ಕವಲೊಡೆದಿದೆಯಾ ನೋಡೋಣ.